ಮೂವತ್ತೆಂಟನೇ ಮಹಡಿಯ ಹೊಗಳಿಕೆ

ಲಿಫ್ಟಿನವನು: ಮೂವತ್ತೆಂಟು ಮಹಡಿ ಹತ್ತಿಸಿ ಕರ್ಕೊಂಡು ಬಂದಿದೀನಿ. ಏನಾದ್ರೂ ಒಂದು ಮಾತಾಡೋ ಮಾರಾಯ!

ಸಲೂನಿನವನು: ಹತ್ತಿಸಿದ್ದು ಲಿಫ್ಟು. ನೀನು ಬಟನ್ ಒತ್ತಿದೆ, ಅಷ್ಟೆ.

ಲಿಫ್ಟಿನವನು: ಆ ಲಿಫ್ಟು ನೋಡ್ಕೊಳ್ಳೋನೇ ನಾನು! ಹೋದ ತಿಂಗಳು ತಾನೇ ಅದರ ರೋಪು ಬದಲಾಯಿಸಿದೆ.

ಸಲೂನಿನವನು: ಹತ್ತೋಕೆ ಮುಂಚೆ ಹೇಳಬಾರದಿತ್ತಾ? ಮೆಟ್ಟಿಲಲ್ಲೇ ಬರ್ತಿದ್ದೆ.

ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದ ಸ್ನೇಹಿತರು. ಒಬ್ಬ ಊರಲ್ಲೇ ಸಲೂನು ತೆರೆದ. ಇನ್ನೊಬ್ಬ ಅವನ ತಂಗಿಯನ್ನು ಮದುವೆಯಾಗಿ, ಲಿಫ್ಟ್ ರಿಪೇರಿ ಕೆಲಸಕ್ಕೆಂದು ನಾಲ್ಕು ವರ್ಷದ ಹಿಂದೆ ಈ ಪರದೇಶದ ಊರಿಗೆ ಬಂದ. ಹೆಂಡತಿ ಮಾತ್ರ ಬಂದಿಲ್ಲ. ಕರೆದಾಗಲೆಲ್ಲ “ನೋಡೋಣ” ಅನ್ನುತ್ತಾಳೆ. ಈಗ ಅಣ್ಣನನ್ನು ಕಳಿಸಿದ್ದಾಳೆ. ಅವನು ಊರು ನೋಡಿ ಹೇಳಿದ ಮೇಲೆ ತೀರ್ಮಾನವಂತೆ. ಇವತ್ತು ನಾಲ್ಕು ಗಂಟೆಗೆ ಅವಳ ಫೋನು ಬರಬೇಕು.

ಆದ್ದರಿಂದ ಲಿಫ್ಟಿನವನು ಬೆಳಗ್ಗೆ ಏಳರಿಂದ ಊರನ್ನು ಪಿತ್ರಾರ್ಜಿತ ಆಸ್ತಿಯಂತೆ ತೋರಿಸುತ್ತಿದ್ದಾನೆ. ಪರವೂರಿನ ಒಂದು ಕೋಣೆಯಲ್ಲಿ ನಾಲ್ಕು ವರ್ಷ ಕಳೆದವನಿಗೆ ಅಲ್ಲಿನ ಕಟ್ಟಡಗಳೆಲ್ಲ ತಾನೇ ನಿಂತು ಕಟ್ಟಿಸಿದಂತೆ ಅನ್ನಿಸುವುದು ಒಂದು ಕಾಯಿಲೆ. ಅದು ಜೊತೆಗಿದ್ದವರಿಗೆ ಅಂಟುವುದಿಲ್ಲವಲ್ಲ ಎಂಬುದೇ ಅವನ ದುಃಖ.

ಸಲೂನಿನವನು, ಊರು ನೋಡಲು ಬರುವವರಿಗಾಗಿ ಮಹಡಿಯ ಕಟಕಟೆಗೆ ಜೋಡಿಸಿದ್ದ ದುರ್ಬೀನಿಗೆ ಕಣ್ಣು ಹಚ್ಚಿದ.

ಲಿಫ್ಟಿನವನು: ಸೇತುವೆ ಕಾಣ್ತಾ? ಮುನ್ನೂರು ವರ್ಷದ್ದು.

ಸಲೂನಿನವನು: ಥೂ! ಯಾವನೋ ಅದನ್ನ ಮಾಡಿದ್ದು?

ಲಿಫ್ಟಿನವನು: ಯಾರೋ ಹಳೇ ಕಾಲದ ರಾಜ ಇರಬೇಕು.

ಸಲೂನಿನವನು: ಸೇತುವೆ ಅಲ್ಲ ಕಣೋ. ಅದರ ಮೇಲೆ ಕೆಂಪು ಕೋಟಿನವನು ಹೋಗ್ತಿದಾನಲ್ಲ, ಅವನ ತಲೆ. ಬಲಗಡೆ ಬೋಳಿಸಿ ಎಡಗಡೆ ಹಾಗೇ ಬಿಟ್ಟಿದಾರೆ. ಮಧ್ಯದಲ್ಲಿ ಕರೆಂಟು ಹೋಯ್ತೋ ಏನೋ.

ಲಿಫ್ಟಿನವನು: ಅದು ಫ್ಯಾಷನ್ನು!

ಸಲೂನಿನವನು: ನಾನು ಹಾಗೆ ಮಾಡಿ ಕಳಿಸಿದ್ರೆ ಅವರಪ್ಪ ಬಂದು ಅಂಗಡಿ ಬಾಗಿಲು ಹಾಕಿಸ್ತಾನೆ.

ಲಿಫ್ಟಿನವನು: ತಲೆ ಬಿಡೋ! ಊರು ನೋಡು ಅಂದ್ರೆ ನೆತ್ತಿ ನೋಡ್ತಾನೆ. ಆ ಗಾಜಿನ ಕಟ್ಟಡ ನೋಡು. ಹನ್ನೆರಡು ಲಿಫ್ಟು!

ಸಲೂನಿನವನು: ಒಳಗೇನಿದೆ?

ಲಿಫ್ಟಿನವನು: ಹೇಳಿದ್ನಲ್ಲ, ಹನ್ನೆರಡು ಲಿಫ್ಟು.

ಸಲೂನಿನವನು: ಅದರ ಪಕ್ಕದ್ದು?

ಲಿಫ್ಟಿನವನು: ಮ್ಯೂಸಿಯಮ್ಮು. ಎರಡು ಲಿಫ್ಟು. ಒಂದರ ಬಾಗಿಲು ಕಿರ್ ಅನ್ನತ್ತೆ.

ಸಲೂನಿನವನು: ಮೂರನೇ ಮಹಡೀಲಿ ಏನಿಟ್ಟಿದಾರೆ?

ಲಿಫ್ಟಿನವನು: ಅದು... ಅಲ್ಲಿ ಲಿಫ್ಟು ನಿಲ್ಲಲ್ಲ.

ಸಲೂನಿನವನು: ಭೇಷ್! ನಾಲ್ಕು ವರ್ಷ ಈ ಊರಿನ ಹೊಟ್ಟೆಯೊಳಗೇ ಮೇಲೆ ಕೆಳಗೆ ಓಡಾಡಿದೀಯ. ಮುಖ ಹೇಗಿದೆ ಅಂತ ನೋಡೇ ಇಲ್ಲ.

ಲಿಫ್ಟಿನವನು: ಏನಂದೆ? ಈ ಊರಿನ ಅರ್ಧ ಜನ ನನಗೆ ಗೊತ್ತು! ನೋಡ್ತಿರು, ಒಬ್ರಾದ್ರೂ ಬಂದು ಮಾತಾಡಿಸ್ತಾರೆ.

ಹೇಳಿದಂತೆಯೇ ಟೋಪಿ ತೊಟ್ಟ ಮುದುಕನೊಬ್ಬ ಬಂದು, ಲಿಫ್ಟಿನವನ ಕಂಪನಿ ಜಾಕೆಟ್ಟು ನೋಡಿ ನಕ್ಕು, ಅಲ್ಲಿನ ಭಾಷೆಯಲ್ಲಿ ಏನೋ ಕೇಳಿದ. ಲಿಫ್ಟಿನವನು ಎದೆಯುಬ್ಬಿಸಿ ಕೈ ತೋರಿಸಿ ಉತ್ತರ ಕೊಟ್ಟ. ಮುದುಕ ಆ ಕಡೆ ಹೊರಟುಹೋದ.

ಲಿಫ್ಟಿನವನು: ನೋಡಿದ್ಯಾ!

ಸಲೂನಿನವನು: ನೋಡಿದೆ. ಏನು ಕೇಳ್ದ?

ಲಿಫ್ಟಿನವನು: ಲಿಫ್ಟು ಎಲ್ಲಿ ಅಂತ.

ಸಲೂನಿನವನು: ಆತ್ಮೀಯ ಸ್ನೇಹಿತ.

ಲಿಫ್ಟಿನವನು: ನಗಬೇಡ. ಬೇಕಾದಷ್ಟು ಜನ ಇದಾರೆ ನನಗೆ. ನಿನ್ನ ತಂಗಿಗೂ ಹಾಗೇ ಹೇಳು.

ಸಲೂನಿನವನು: ಯಾರೂ ಇಲ್ಲ ಅಂತ ನಂಗೆ ವಿಮಾನ ನಿಲ್ದಾಣದಲ್ಲೇ ಗೊತ್ತಾಯ್ತು. ನಿನ್ನ ಕೂದಲು ಯಾರು ಕತ್ತರಿಸೋದು?

ಲಿಫ್ಟಿನವನು: ಇಲ್ಲೇ ಒಂದು ದೊಡ್ಡ ಸಲೂನಿದೆ. ಪೂರ್ತಿ ಎಸಿ...

ಸಲೂನಿನವನು: ಬುರುಡೆ ಬಿಡಬೇಡ ನನ್ನ ಹತ್ರ. ಇಪ್ಪತ್ತಾರು ವರ್ಷ ಕತ್ತರಿ ಹಿಡಿದಿದೀನಿ. ಬಚ್ಚಲ ಕನ್ನಡಿ ಮುಂದೆ ನಿಂತು ನೀನೇ ಕತ್ತರಿಸ್ಕೋತೀಯ. ಮುಂದೆ ಪರವಾಗಿಲ್ಲ. ಹಿಂದೆ ಇಲಿ ಕಡಿದ ಹಾಗಿದೆ. ಎಡಗಿವಿ ಹಿಂದೆ ಒಂದು ಕುಚ್ಚು ಬೆಳೆದುಕೊಂಡು ಕೂತಿದೆ. ಸ್ನೇಹಿತ ಅಂತ ಒಬ್ಬನಿದ್ದಿದ್ರೂ “ಏನಯ್ಯಾ ಇದು” ಅಂತ ಕೇಳ್ತಿರಲಿಲ್ವಾ?

ಲಿಫ್ಟಿನವನ ಕೈ ಎಡಗಿವಿಯ ಹಿಂದೆ ಹೋಯಿತು. ಕುಚ್ಚು ಅಲ್ಲೇ ಇತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇದೆಲ್ಲ ಗೊತ್ತಾದರೆ ಅವಳು ಬರುವುದುಂಟೇ?

ಲಿಫ್ಟಿನವನು: ಭಾವಾ, ನಿನ್ನ ದಮ್ಮಯ್ಯ. ಇದನ್ನ ಅವಳಿಗೆ ಹೇಳಬೇಡ.

ಸಲೂನಿನವನು: ಓಹೋ, ಈಗ ಭಾವ! ಬೆಳಗ್ಗೆಯಿಂದ ಲೋ, ಮಾರಾಯ ಅಂತಿದ್ದೆಯಲ್ಲ?

ಅಷ್ಟರಲ್ಲಿ ಫೋನು ಬಂತು. ಸಲೂನಿನವನು ಅದನ್ನು ಸ್ಪೀಕರಿಗೆ ಹಾಕಿ ಕಟಕಟೆಯ ಮೇಲಿಟ್ಟ.

ತಂಗಿ: ಅಣ್ಣಾ, ಹೇಗಿದೆ ಊರು?

ಲಿಫ್ಟಿನವನು (ಪಿಸುಗುಡುತ್ತಾ): ಸ್ವರ್ಗ ಅನ್ನು. ಸ್ವರ್ಗ!

ಸಲೂನಿನವನು: ದರಿದ್ರ ಊರಮ್ಮ. ಎಲ್ಲಿ ನೋಡಿದ್ರೂ ಗಾಜು, ಒಬ್ಬನೂ ಇನ್ನೊಬ್ಬನ ಮುಖ ನೋಡಲ್ಲ. ನಿನ್ನ ಗಂಡನ ಕೋಣೇಲಿ ಕಿಟಕಿ ತೆಗೆದ್ರೆ ಎದುರಿಗೆ ಗೋಡೆ. ಇರೋದು ಒಂದು ತಟ್ಟೆ, ಒಂದು ಲೋಟ. ನಂಗೆ ಲೋಟ ಕೊಟ್ಟು ಇವನು ಪಾತ್ರೇಲೇ ಟೀ ಕುಡಿದ. ತಲೆ ಹಿಂದುಗಡೆಯಂತೂ ಕೇಳಲೇಬೇಡ.

ಲಿಫ್ಟಿನವನು ಕಣ್ಣು ಮುಚ್ಚಿಕೊಂಡ. ನಾಲ್ಕು ವರ್ಷ ಭಾನುವಾರ ತಪ್ಪದೆ ಫೋನಿನಲ್ಲಿ ಕಟ್ಟಿದ್ದ ಊರನ್ನು ಈ ಮನುಷ್ಯ ಒಂದೇ ಉಸಿರಿಗೆ ಕೆಡವಿಹಾಕಿದ್ದ.

ತಂಗಿ: ಒಂದೇ ಲೋಟನಾ?

ಸಲೂನಿನವನು: ಒಂದೇ. ಅದೂ ಅಂಚು ಒಡೆದಿದೆ.

ತಂಗಿ: ಮತ್ತೆ ಇವರು ನಂಗೆ ಹೇಳಿದ್ದು? ಬಟ್ಟೆ ಮಿಷನ್ನೇ ಒಗೆದು ಒಣಗಿಸತ್ತೆ, ಬಟನ್ ಒತ್ತಿದ್ರೆ ಬಿಸಿ ಊಟ, ಭಾನುವಾರ ಬಂದ್ರೆ ಮನೆ ತುಂಬಾ ಸ್ನೇಹಿತರು, ಕೂರೋಕೂ ಪುರುಸೊತ್ತಿಲ್ಲ ಅಂತ! ಅಷ್ಟೊಂದು ಸುಖವಾಗಿರೋರ ಮನೆಗೆ ನಾನು ಬಂದು ಮೂಲೇಲಿ ಕೂತು ಬಟನ್ ಒತ್ತಲಾ? ನನ್ನ ಅಗತ್ಯ ಏನಿದೆ ಅಂತ ಸುಮ್ಮನಿದ್ದೆ.

ಲಿಫ್ಟಿನವನು: ನೀನು ಬರಲಿ ಅಂತ ಹೇಳಿದ್ದು ಕಣೇ!

ತಂಗಿ: “ನೀನಿಲ್ಲದೆ ಕಷ್ಟ ಆಗ್ತಿದೆ” ಅಂತ ಒಂದೇ ಒಂದು ಸಲ ಅಂದ್ರಾ?

ಸಲೂನಿನವನು: ಮಾತಾಡೋ. ಏನು, ಮಧ್ಯದಲ್ಲೇ ಕೆಟ್ಟು ನಿಂತ್ಯಾ?

ಲಿಫ್ಟಿನವನು: ಹಾಗಲ್ಲ... ಇಲ್ಲಿ ಬಸ್ಸು ಮಾತ್ರ ನಿಮಿಷಕ್ಕೆ ಸರಿಯಾಗಿ...

ಸಲೂನಿನವನು ಅವನ ತೋಳು ಹಿಡಿದು ಬಲವಾಗಿ ಚಿವುಟಿದ.

ಲಿಫ್ಟಿನವನು: ಆಗ್ತಿದೆ ಕಣೇ. ತುಂಬಾ ಕಷ್ಟ ಆಗ್ತಿದೆ. ಲಿಫ್ಟೊಳಗೆ ಸಿಕ್ಕಿಹಾಕಿಕೊಂಡೋರ ಹತ್ರ ಮಾತ್ರ ನಾನು ಮಾತಾಡೋದು. ಹೊರಗಡೆ ನಿಂತು ಹೆದರಬೇಡಿ ಅಂತೀನಿ, ಎಲ್ಲಿ ಮನೆ, ಮಕ್ಕಳೆಷ್ಟು ಅಂತೆಲ್ಲ ಕೇಳ್ತೀನಿ. ಬಾಗಿಲು ತೆಗೆದ ತಕ್ಷಣ ಹೊರಟೇ ಹೋಗ್ತಾರೆ. ಅದಕ್ಕೇ ಒಂದೊಂದು ಸಲ... ಬಾಗಿಲು ನಿಧಾನಕ್ಕೆ ತೆಗೀತೀನಿ.

ಬೆಳಗ್ಗೆಯಿಂದ ಬಾಯಿಗೆ ಬಂದದ್ದೆಲ್ಲ ಅಂದಿದ್ದ ಸಲೂನಿನವನು ಸ್ನೇಹಿತನ ಹೆಗಲ ಮೇಲೆ ಕೈಯಿಟ್ಟ.

ತಂಗಿ: ಅಯ್ಯೋ ನಿಮ್ಮ! ಮೊದಲು ಒಳಗಿರೋ ಜನಾನ ಬಿಟ್ಟು ಕಳಿಸ್ರೀ. ನಾನು ಮುಂದಿನ ತಿಂಗಳೇ ಬರ್ತೀನಿ.

ಲಿಫ್ಟಿನವನು: ನಿಜವಾಗ್ಲೂ? ಬಾ, ಬಾ! ನೀನೇ ನೋಡ್ತೀಯಂತೆ, ಇಲ್ಲಿ ಪಾರ್ಕು ಎಷ್ಟು ಚೆನ್ನಾಗಿದೆ ಗೊತ್ತಾ, ರಸ್ತೆ ಅಂದ್ರೆ ಕನ್ನಡಿ, ಜನ ಅಂದ್ರೆ...

ಸಲೂನಿನವನು ಥಟ್ಟನೆ ಫೋನು ಕಟ್ ಮಾಡಿದ.

ಲಿಫ್ಟಿನವನು: ಯಾಕೋ ಕಟ್ ಮಾಡ್ದೆ?

ಸಲೂನಿನವನು: ಅವಳು ವಿಮಾನ ಹತ್ತೋ ತನಕ ಈ ಊರಲ್ಲಿ ಒಂದು ಮರ ಕೂಡ ಹಸಿರಾಗಿಲ್ಲ. ತಿಳೀತಾ?