ಚಿಲಕದ ಮೇಲೆ ಕೈ

ಕ್ಷೌರಿಕ ಕತ್ತಿ ಒರೆಸಿಕೊಳ್ಳಲು ಹಳೆಯ ಪತ್ರಿಕೆಯ ಪುಟವೊಂದನ್ನು ಚರ್ರನೆ ಹರಿದ. ಎಲ್ಲ ಶುರುವಾದದ್ದು ಅಲ್ಲಿಂದಲೇ. ಆ ಪತ್ರಿಕೆ ಕುರ್ಚಿಯಲ್ಲಿ ಕೂತಿದ್ದ ಕನ್ನಡಕದಂಗಡಿ ಗುಮಾಸ್ತನ ತೊಡೆಯ ಮೇಲಿತ್ತು; ಅವನು ಅದರಲ್ಲಿದ್ದ ದೆವ್ವದ ಕತೆಯೊಳಗೆ ಮುಳುಗಿಹೋಗಿದ್ದ.

ಕತೆಯಲ್ಲಿ ತೀರಿಕೊಂಡ ಹೆಂಡತಿ ದಿನಾ ಮಧ್ಯಾಹ್ನ ಬಂದು ಬಾಗಿಲು ತಟ್ಟುತ್ತಾಳೆ. ಆರು ದಿನ ಗಂಡ ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂರುತ್ತಾನೆ. ಏಳನೆಯ ದಿನ ಎದ್ದು ಬಂದು ಚಿಲಕದ ಮೇಲೆ ಕೈಯಿಡುತ್ತಾನೆ. ಮುಂದಿನ ಪುಟಕ್ಕೆ ಬಂದರೆ ಅದು ನೊರೆ ಮೆತ್ತಿದ ಉಂಡೆಯಾಗಿ ಕಸದ ಬುಟ್ಟಿ ಸೇರಿತ್ತು. ಗುಮಾಸ್ತ ಬಿಡಿಸಿ ನೋಡಿದ; ಒಂದಕ್ಷರವೂ ಉಳಿದಿರಲಿಲ್ಲ.

ಗುಮಾಸ್ತನ ಹೆಂಡತಿ ತೀರಿಹೋಗಿ ಎಂಟು ತಿಂಗಳಾಗಿತ್ತು. ಇಂಥ ಕತೆಗಳೆಂದರೆ ಅವಳಿಗೆ ಪ್ರಾಣ. ಅವಳು ಗಟ್ಟಿಯಾಗಿ ಓದತೊಡಗಿದರೆ ಇವನು ಕಿವಿಗೆ ಬೆರಳಿಟ್ಟುಕೊಂಡು ಅಡುಗೆಮನೆಗೆ ಓಡುತ್ತಿದ್ದ. ಹಾಗಾಗಿ ಒಂದು ಕತೆಯ ಕೊನೆಯನ್ನೂ ಕೇಳಿದವನಲ್ಲ. ಈಗ ಕೇಳೋಣವೆಂದರೆ ಓದುವವಳಿಲ್ಲ.

ಆ ಗಂಡ ಬಾಗಿಲು ತೆಗೆದು ಸತ್ತಿರುತ್ತಾನೆ, ಇನ್ನೇನು ಎಂದ ಕತೆ ಕೇಳಿಸಿಕೊಂಡ ಕ್ಷೌರಿಕ. ಸರದಿಗೆ ಕಾದಿದ್ದ ದರ್ಜಿಯ ಪ್ರಕಾರ ಅವನು ಹಿತ್ತಿಲ ಬಾಗಿಲಿನಿಂದ ಪರಾರಿ. ಗುಮಾಸ್ತನಿಗೆ ಎರಡೂ ಹಿಡಿಸಲಿಲ್ಲ. ಅರ್ಧ ಮುಖದ ನೊರೆ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಸಮೇತ ಎದ್ದು ಗ್ರಂಥಾಲಯಕ್ಕೆ ಓಡಿದ. ಉಳಿದ ಕೆನ್ನೆ ಮುಗಿಸದೆ ಬಿಡುವವನಲ್ಲದ ಕ್ಷೌರಿಕ ಕತ್ತಿ ಹಿಡಿದು ಹಿಂದೆಯೇ ಓಡಿದ. ಬೀದಿಯ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು.

ಗ್ರಂಥಾಲಯದಲ್ಲಿ ಆ ಸಂಚಿಕೆಗೆ ಗೆದ್ದಲು ಹಿಡಿದಿತ್ತು. ಕತೆ ಬರೆದವರು ಮುಂದಿನ ಬೀದಿಯಲ್ಲೇ ಇದ್ದಾರೆಂದು ಅಲ್ಲಿನವಳು ಮೇಜಿನ ಹಿಂದೆ ಅಡಗಿಕೊಂಡೇ ಹೇಳಿದಳು.

ಕತೆಗಾರ ಕಿಟಕಿಯಲ್ಲಿ ನಿಂತಿದ್ದ. ಬೆಳ್ಳಗೆ ಮುಖ, ಹಾರುವ ಬಿಳಿ ಬಟ್ಟೆ, ಬೆನ್ನ ಹಿಂದೆ ಹೊಳೆಯುವ ಕತ್ತಿ ತನ್ನ ಮನೆಯತ್ತಲೇ ಬರುವುದನ್ನು ಕಂಡು ಧಡಾರನೆ ಬಾಗಿಲು ಹಾಕಿಕೊಂಡ.

ಗುಮಾಸ್ತ ತಟ್ಟಿದ. "ನಾನು ದೆವ್ವ ಅಲ್ಲ ಸಾರ್. ಒಂದೇ ಒಂದು ಹೇಳಿ. ಆ ಗಂಡ ಬಾಗಿಲು ತೆಗೆದನಾ?"

"ಕತೆ ಚಿಲಕದ ಹತ್ರಾನೇ ಮುಗೀತಪ್ಪಾ," ಎಂದಿತು ಒಳಗಿನ ನಡುಗುವ ದನಿ. "ಮುಂದಿನ ಪುಟದಲ್ಲಿದ್ದದ್ದು ಸೋಪಿನ ಜಾಹೀರಾತು."

"ಯಾಕೆ ಅಲ್ಲಿಗೇ ಬಿಟ್ರಿ?"

"ಮುಂದೆ ಬರೆಯೋಕೆ ನನಗೇ ಭಯ ಆಯ್ತು."

ಗುಮಾಸ್ತ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ. "ಭಯ ಯಾಕೆ ಸಾರ್? ಬಂದಿರೋದು ಅವಳೇ ಅಲ್ವಾ," ಎಂದ ಮೆಲ್ಲಗೆ. "ಪಾಪ, ಆರು ದಿನ ಹೊರಗೇ ನಿಲ್ಲಿಸಿಬಿಟ್ರಲ್ಲ."

ಬಾಗಿಲು ತೆರೆಯಲಿಲ್ಲ. ಏದುಸಿರು ಬಿಡುತ್ತಾ ಹಿಂದೆ ನಿಂತಿದ್ದ ಕ್ಷೌರಿಕ ಅವನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದ. ನೊರೆಯೆಲ್ಲ ಒಣಗಿ ಉದುರಿತ್ತು. ಆದರೂ ಆ ಕೆನ್ನೆಗೆ ನೀರು ಹಚ್ಚಬೇಕಾಗಿ ಬರಲಿಲ್ಲ; ಅದು ಆಗಲೇ ಒದ್ದೆಯಾಗಿತ್ತು.