ಶಾಲು ಹೊದ್ದ ಸಂಡಿಗೆ

ಹೊಗಳಿಸಿಕೊಳ್ಳುವುದು ನನಗೆ ಬಹಳ ಇಷ್ಟ. ಯಾರಾದರೂ ನನ್ನ ಕನ್ನಡ ಚೆನ್ನಾಗಿದೆ ಎಂದರೆ ಸಾಕು, ಅವರು ಬಂದ ಕೆಲಸವೇನು ಎಂದು ಕೇಳುವುದನ್ನೇ ಮರೆತುಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದಾಗ ಆದದ್ದೂ ಅದೇ. ಊರ ಹೊರಗೆ ಕಲ್ಲು ಒಡೆಯುವ ಖಡಿ ಮಷಿನ್ ಇತ್ತು. ಅದರ ಮ್ಯಾನೇಜರ್ ಶರಣಪ್ಪ ಒಂದು ದಿನ ಮನೆಗೆ ಬಂದರು. "ಪರಿಸರದ ಮ್ಯಾಲ ಒಂದು ಛಲೋ ಮಾತು ಬರದು ಕೊಡ್ರಿ ಸರ. ನಿಮ್ಮನ್ನ ಬಿಟ್ರ ಊರಾಗ ಬರಿಯವ್ರು ಯಾರದಾರ್ರಿ?" ಎಂದರು. ನಾನು ಉಬ್ಬಿಹೋಗಿ ಬರೆದೆ: 'ನಮ್ಮ ಕಲ್ಲು ಗಟ್ಟಿ, ನಮ್ಮ ಗಾಳಿ ತಿಳಿ.' ಕಂಪನಿಯ ಗೇಟಿನ ಮೇಲೆ ಅದು ಹಸಿರು ಬಣ್ಣದಲ್ಲಿ ಮೆರೆಯಿತು. ನನಗೊಂದು ಶಾಲು ಹೊದಿಸಿ, ಕೈಗೆ ಬೇವಿನ ಸಸಿ ಕೊಟ್ಟು ಫೋಟೋ ತೆಗೆದು ಕ್ಯಾಲೆಂಡರಿನಲ್ಲಿ ಹಾಕಿಸಿದರು. ಆ ಕ್ಯಾಲೆಂಡರ್ ನಮ್ಮ ಪಡಸಾಲೆಯಲ್ಲೇ ಇತ್ತು. ಮಷಿನ್ನಿನ ಧೂಳನ್ನು ದಿನಾ ಒರೆಸಿದರೆ ಮಾತ್ರ ನನ್ನ ಮುಖ ಕಾಣುತ್ತಿತ್ತು.

ಬೇಸಿಗೆಯಲ್ಲಿ ನನ್ನ ಹೆಂಡತಿ ನೀಲಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದಳು. ಅರ್ಧ ಪಾಲು ಆಳಂದದ ಮಗಳ ಮನೆಗೆ. ಹಿಂದಿನ ವರ್ಷ ಸಂಡಿಗೆ ತಿನ್ನುವಾಗ ಹಲ್ಲಿಗೆ ಹರಳು ಸಿಕ್ಕಿ, ಬೀಗಿತಿ ಮಗಳಿಗೆ ಒಂದು ಮಾತು ಅಂದಿದ್ದರಂತೆ. ನೀಲಮ್ಮನಿಗೆ ಅದು ಚುಚ್ಚುತ್ತಲೇ ಇತ್ತು. "ಹೋಗಿ ಶರಣಪ್ಪನವ್ರಿಗೆ ಧೂಳಿಂದು ಒಂದು ಮಾತು ಹೇಳಿ ಬರ್ರಿ," ಎಂದಳು. ಶಾಲು ಹೊದ್ದು ಬಂದವನು ಯಾವ ಮುಖ ಇಟ್ಟುಕೊಂಡು ಹೇಳಲಿ? ಹೋಗಲಿಲ್ಲ. ಅವಳು ಆ ಶಾಲನ್ನೇ ಒಯ್ದು ಸಂಡಿಗೆಗೆ ಹೊದಿಸಿದಳು. ಅದು ಧೂಳು ತಡೆಯಲಿಲ್ಲ, ನನ್ನ ಬಾಯಿಯನ್ನು ಮಾತ್ರ ತಡೆದಿತ್ತು.

ಸಂಡಿಗೆ ಒಣಗುವ ಹೊತ್ತಿಗೆ ಶರಣಪ್ಪ ಮತ್ತೆ ಬಂದರು, ಹೊಸ ಮಾತು ಬೇಕಂತೆ. ನಮ್ಮ ಕಡೆ ಬಂದವರನ್ನು ಏನೂ ತಿನ್ನಿಸದೆ ಕಳಿಸುವುದಿಲ್ಲ. ಬಂದವರೂ ತಾಟಿನಲ್ಲಿ ಬಿಡುವುದಿಲ್ಲ. ನೀಲಮ್ಮ ಸಂಡಿಗೆ ಕರಿದು ತಾಟಿನ ತುಂಬ ಇಟ್ಟಳು. ಅವರು ಒಂದನ್ನು ಕಡಿದರು, ಅಗಿಯುವುದನ್ನು ನಿಲ್ಲಿಸಿದರು.

"ವೈನೀ, ಹಲ್ಲಿಗೆ ಏನೋ ಸಿಗಾಕತ್ತದ್ರಿ."

"ನಿಮ್ಮ ಮಷಿನ್ನಿನ ಧೂಳದ್ರಿ ಅಣ್ಣಾರ. ಆಳಂದಕ್ಕ ನಮ್ಮ ಮಗಳ ಮನೀಗೂ ಇದೇ ಹೋಗ್ತದ. ಇನ್ನೆರಡು ಹಾಕ್ಲಿ?"

ಅವರು ನನ್ನನ್ನು ನೋಡಿದರು. ನಾನು ಕ್ಯಾಲೆಂಡರಿನಲ್ಲಿದ್ದ ನನ್ನನ್ನು ನೋಡಿದೆ. ಪಾಪ, ಅವರು ಒಂದೂ ಬಿಡದೆ ಕರುಕರು ತಿಂದು ಮುಗಿಸಿದರು. ಹೊಸ ಮಾತಿನ ವಿಷಯ ಎತ್ತಿದಾಗ ನೀಲಮ್ಮನೇ ಹೇಳಿದಳು: "ಮೊದಲ ಧೂಳಿಗಿ ನೀರು ಹೊಡಸ್ರಿ. ಆಮ್ಯಾಲ ಅವ್ರು ಬರದು ಕೊಡ್ತಾರ."

ಹದಿನೈದು ದಿನದಲ್ಲಿ ಮಷಿನ್ನಿಗೆ ನೀರಿನ ಪೈಪು ಬಂತು, ಖಡಿಯ ರಾಶಿಗೆ ಹೊದಿಸಲು ತಾಡಪತ್ರಿ ಬಂತು. ಧೂಳು ಪೂರ್ತಿ ಹೋಗಲಿಲ್ಲ. ಆದರೆ ನೀಲಮ್ಮ ಹೊಸದಾಗಿ ಹಾಕಿದ ಸಂಡಿಗೆ ಬೆಳ್ಳಗೇ ಒಣಗಿ ಆಳಂದಕ್ಕೆ ಹೋಯಿತು. ಬೀಗಿತಿ ಇನ್ನಷ್ಟು ಕೇಳಿ ಕಳಿಸಿದರು. ನನಗೆ ನಿಜವಾಗಿಯೂ ಸಂತೋಷವಾಯಿತು.

ಆ ಧೈರ್ಯದಲ್ಲಿ, ನಾನು ಹಿಡಿದಿದ್ದ ಸಸಿ ಎಲ್ಲಿ ನೆಟ್ಟಿರಿ ಎಂದು ಶರಣಪ್ಪನವರನ್ನು ಕೇಳಿದೆ. "ಅದು ಫೋಟೋದ ಗಿಡ ರೀ ಸರ. ಆಫೀಸಿನ್ಯಾಗ ಡಬ್ಬಿದಾಗ ಅದ, ಈ ವರ್ಷನೂ ಬೇಕಲ್ರಿ," ಎಂದರು. ನೀಲಮ್ಮ ಅದನ್ನು ತರಿಸಿ ನನ್ನ ಕೈಗೆ ಗುದ್ದಲಿ ಕೊಟ್ಟಳು. ಮನೆಯ ಮುಂದೆ ನೆಟ್ಟೆ. ಮೊದಲ ಕೊಡ ನೀರು ಹಾಕುವಾಗ ಒಮ್ಮೆ ಸುತ್ತ ನೋಡಿದೆ. ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಸ್ವಲ್ಪ ಬೇಸರವಾಯಿತು.