ಚಾಡ್ ದೇಶದ ಅರ್ಧ ಲೋಟ

ನಮ್ಮ ದೊಡ್ಡಪ್ಪ ಬೂದಿಗೆರೆ ಹತ್ತಿರ ಹುಟ್ಟಿದ್ದೇ ದೇವರ ತಪ್ಪು. ಅವರು ಹುಟ್ಟಬೇಕಾಗಿದ್ದು ಆಫ್ರಿಕದ ಚಾಡ್ ದೇಶದಲ್ಲಿ! ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದರು, ನಿವೃತ್ತರಾದರು, ಸರಿ. ಚಾಡ್ ಅವರನ್ನು ಬಿಡಬೇಕಲ್ಲ!

ಅವರ ಮನೆಗೆ ಯಾರೇ ಹೋಗಲಿ, ಕುಡಿಯಲು ಅರ್ಧ ಲೋಟ ನೀರು. ಯಾಕೆಂದು ಕೇಳಿದರೆ ಉರಿದುಬೀಳುತ್ತಾರೆ.

"ಚಾಡ್‌ಗೆ ಎಷ್ಟು ಕಡೆ ಸಮುದ್ರ ಐತೆ, ಹೇಳು?"

"ಗೊತ್ತಿಲ್ಲ ದೊಡ್ಡಪ್ಪ."

"ಒಂದು ಕಡೇನೂ ಇಲ್ಲ ಕಣೋ ಮುಠ್ಠಾಳ! ಉತ್ತರಕ್ಕೆಲ್ಲ ಸಹಾರ. ಸಮುದ್ರದಂಗಿದ್ದ ಕೆರೆ ಮುಕ್ಕಾಲು ಬತ್ತಿಹೋಯ್ತು. ಅಲ್ಲಿನ ಧೂಳು ಅಮೆಜಾನ್ ಕಾಡಿನವರೆಗೂ ಹಾರ್ಕೊಂಡ್ ಹೋಗುತ್ತೆ, ಗೊತ್ತಾ?"

ಒಳಗಿನಿಂದ ದೊಡ್ಡಮ್ಮ: "ನಿಮ್ ಬೀರು ಮೇಲಿನ ಧೂಳು ಮಾತ್ರ ಎಲ್ಲೂ ಹೋಗಲ್ಲ!"

ನನಗೆ ಹೆಣ್ಣು ಕೊಡಲು ಹೊಸಕೋಟೆಯಿಂದ ಬಂದವರಿಗೂ ಅದೇ ಅರ್ಧ ಲೋಟ. ಹುಡುಗಿಯ ತಂದೆ ಎರಡು ಗುಟುಕು ಕುಡಿದು, ಮಿಕ್ಕಿದ್ದನ್ನು ಅಂಗಳಕ್ಕೆ ಚೆಲ್ಲಿದರು. ಮುಗೀತು!

"ಅಷ್ಟು ನೀರಿಗೆ ಚಾಡ್‌ನಲ್ಲಿ ಹೆಂಗಸರು ಮೈಲಿಗಟ್ಟಲೆ ನಡೀತಾರೆ ಕಣ್ರೀ! ನಾಚಿಕೆ ಆಗಲ್ವಾ?"

ಬಂದ ಕಾರಿನಲ್ಲೇ ಸಂಬಂಧ ವಾಪಸ್ ಹೋಯಿತು. ನೆನೆಸಿಕೊಂಡರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಈ ಬೇಸಿಗೆಯಲ್ಲಿ ನಮ್ಮೂರ ಕೆರೆಗೆ, ಎಲ್ಲೋ ಕೆಡವಿದ ಕಟ್ಟಡಗಳ ಮಣ್ಣು, ಇಟ್ಟಿಗೆ ಚೂರು ತಂದು ಸುರಿಯಲು ಶುರುವಿಟ್ಟರು. ದೊಡ್ಡಪ್ಪ ಛತ್ರಿ ಹಿಡಿದು ದಿನವೂ ಲಾರಿಗಳಿಗೆ ಅಡ್ಡ ನಿಂತರು.

"ನಮ್ಮೂರ್ನೂ ಚಾಡ್ ಮಾಡ್ತೀರೇನ್ರೋ?"

"ಪಕ್ಕಕ್ಕೆ ಹೋಗು ತಾತ," ಅಂದ ಡ್ರೈವರ್. ಸುತ್ತ ನಿಂತವರು ನಕ್ಕರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ? ದೊಡ್ಡಪ್ಪನ ಮೇಲೆ! "ಮಾನ ಕಳೀಬೇಡ, ಮನೆಗೆ ನಡಿ," ಎಂದು ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅವರು ಛತ್ರಿಯನ್ನು ಮೊಳೆಗೆ ನೇತುಹಾಕಿದರು. ವಾರದೊಳಗೆ ಅರ್ಧ ಕೆರೆ ಮೈದಾನವಾಯಿತು. ಥೂ, ನನ್ನ ಮಾನಕ್ಕಿಷ್ಟು ಬೆಂಕಿ ಹಾಕ!

ಮೊನ್ನೆ ಭಾನುವಾರ ಅವರ ಮನೆಗೆ ಹೋದೆ. ದೊಡ್ಡಪ್ಪ ಎದ್ದು ನೀರು ತಂದುಕೊಟ್ಟರು. ತುಂಬಿದ ಲೋಟ! ಚಾಡ್ ಇಲ್ಲ, ಸಹಾರ ಇಲ್ಲ, ಬೈಗುಳವೂ ಇಲ್ಲ. ಸುಮ್ಮನೆ ಗೋಡೆ ನೋಡುತ್ತಾ ಕೂತರು.

"ಬೈಯಿ ದೊಡ್ಡಪ್ಪ! ಯಾಕೆ ಬೈತಿಲ್ಲ?" ಕೂಗಿಯೇಬಿಟ್ಟೆ.

ನಾನೇ ಲೋಟದ ಅರ್ಧ ನೀರನ್ನು ಬಿಂದಿಗೆಗೆ ವಾಪಸ್ ಸುರಿದು, ಮೊಳೆಗೆ ನೇತುಹಾಕಿದ್ದ ಛತ್ರಿ ತೆಗೆದುಕೊಂಡೆ.

"ಇನ್ನೂ ಅರ್ಧ ಕೆರೆ ಐತೆ. ನಡಿ, ನಾನೂ ಬರ್ತೀನಿ. ಇಬ್ರೂ ಅಡ್ಡ ನಿಂತ್ಕೊಳ್ಳೋಣ."

ದೊಡ್ಡಪ್ಪ ನನ್ನನ್ನೇ ನೋಡಿದರು. ಎದ್ದು, ಚಪ್ಪಲಿ ಹುಡುಕುತ್ತಾ ಗದರಿದರು:

"ಮುಠ್ಠಾಳ, ಮೊದ್ಲು ಆ ನೀರು ಕುಡಿ!"